ನಲ್ಲಿಯ ಮುಂದೆ ಉಳಿದ ನಾಲ್ಕು ನಿಮಿಷ

ರುದ್ರಪಟ್ಟಣಕ್ಕೆ ಸೊಸೆಯಾಗಿ ಬಂದವಳು ಹಾಡು ಬಾರದಿದ್ದರೂ ಹೇಗೋ ಬಾಳ್ವೆ ಮಾಡಿಯಾಳು. ಆದರೆ ಹಾಡೇ ಇಲ್ಲದೆ ಕುಣಿಯುತ್ತೇನೆ ಅಂದರೆ ಊರಾದರೂ ಏನು ಮಾಡಬೇಕು? ಬೆಳಗಾದರೆ ಒಂದು ಮನೆಯಿಂದ ತಂಬೂರಿ, ಸಂಜೆಯಾದರೆ ಇನ್ನೊಂದು ಮನೆಯಿಂದ ಪಿಟೀಲು ಕೇಳುವ ಊರದು. ಹಂಸ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕನಕಲಕ್ಷ್ಮಮ್ಮ ಕೇಳಿದರು: "ಡ್ಯಾನ್ಸ್ ಕಲ್ತಿದೀಯಂತಲ್ಲಮ್ಮ, ಗೆಜ್ಜೆ ಎಲ್ಲಿ?"

"ಅದಕ್ಕೆ ಗೆಜ್ಜೆ ಬೇಡ ಅತ್ತೆ."

"ತಾಳ?"

"ಒಂದೊಂದ್ಸಲ ಅದೂ ಇರಲ್ಲ."

ಅತ್ತೆ "ಹಾಗಾದ್ರೆ ಸುಮ್ನೆ ಓಡಾಡೋದು ಅನ್ನು" ಎಂದು ಒಳಗೆ ಹೋದರು. ಕೊಂಕು ಮಾತೇನಲ್ಲ. ಅವರಿಗೆ ಕಂಡದ್ದನ್ನು ಅವರು ಹೇಳಿದರು, ಅಷ್ಟೇ.

ಹಂಸ ಹೊಳೆನರಸೀಪುರದ ಮೇಷ್ಟರೊಬ್ಬರ ಮಗಳು. ಡ್ರಿಲ್ ಟೀಚರ್ ಆಗಬೇಕೆಂದು ಮೈಸೂರಿಗೆ ತರಬೇತಿಗೆ ಹೋಗಿದ್ದಾಗ ಮೈತ್ರೇಯಿ ಎಂಬೊಬ್ಬರು ಬಂದು ಮೂರು ವಾರ ಮಾಡರ್ನ್ ಡ್ಯಾನ್ಸ್ ಶಿಬಿರ ನಡೆಸಿದರು. ಬರಿಗಾಲು, ಸಡಿಲ ಪೈಜಾಮ, ಮುಖಕ್ಕೆ ಬಣ್ಣವಿಲ್ಲ. "ದೇವರ ಕತೆ ಬೇಡ, ರಾಜಕುಮಾರಿ ಬೇಡ. ನೀನು ದಿನಾ ಏನು ಮಾಡ್ತೀಯೋ ಅದನ್ನೇ ಆಡು" ಎಂದರು ಆಕೆ. ಹಂಸ ದಿನಾ ಮಾಡುತ್ತಿದ್ದದ್ದು ಬೀದಿ ನಲ್ಲಿಯ ಮುಂದೆ ನೀರಿಗೆ ನಿಲ್ಲುವ ಕೆಲಸ. ಅದನ್ನೇ ಒಂಬತ್ತು ನಿಮಿಷದ ನೃತ್ಯ ಮಾಡಿದಳು. ಕೈಯಲ್ಲಿ ಬಿಂದಿಗೆಯಿಲ್ಲ, ಎದುರಿಗೆ ನಲ್ಲಿಯಿಲ್ಲ, ಇರುವುದು ಬರೀ ಮೈ. ಮೊದಲ ಐದು ನಿಮಿಷ ಸಾಲು, ತಳ್ಳಾಟ, ಜಗಳ, ಬಿಂದಿಗೆ ಇಡುವುದು. ಆಮೇಲೆ ಅಲುಗಾಡದೆ ಕಾಯುವುದು. ಕೊನೆಗೆ ನೀರು ಬರುವುದು. ಮೂರು ವಾರದಲ್ಲಿ ಹಿಡಿದ ಆ ಹುಚ್ಚು ಅವಳನ್ನು ಮತ್ತೆ ಬಿಡಲಿಲ್ಲ.

ಅವಳಿಗೆ ಇಪ್ಪತ್ತೆರಡು ವರ್ಷವಿದ್ದಾಗ ಹಾಸನದಲ್ಲಿ ಶಿಕ್ಷಕರ ಸಮ್ಮೇಳನವೊಂದು ನಡೆಯಿತು. ಮನರಂಜನೆಯ ಪಟ್ಟಿಯಲ್ಲಿ ಹೇಗೋ ಇವಳ ಹೆಸರೂ ಸೇರಿತು. ಐದು ನಿಮಿಷ ಎಲ್ಲ ಸರಿಯಾಗಿ ನಡೆಯಿತು. ಹಂಸ ಬಿಂದಿಗೆ ಇಟ್ಟಳು, ಕತ್ತೆತ್ತಿ ನಲ್ಲಿಯನ್ನು ನೋಡುತ್ತ ನಿಂತಳು. ಕ್ಯಾಸೆಟ್ಟಿನ ಸಂಗೀತವೂ ನಿಂತಿತು, ನಿಲ್ಲಬೇಕಾದದ್ದೇ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಕ್ಯಾಸೆಟ್ ಸಿಕ್ಕಿಹಾಕಿಕೊಂಡಿದೆ, ಪಾಪ ಹುಡುಗಿ ಕಂಗಾಲಾಗಿದ್ದಾಳೆ ಎಂದುಕೊಂಡ ನಿರೂಪಕರು ಸನ್ನೆ ಮಾಡಿದರು, ಪರದೆ ಇಳಿಯಿತು. "ಪರವಾಗಿಲ್ಲ, ನಮ್ಮ ಹುಡುಗಿ ಧೈರ್ಯ ಮಾಡಿದ್ದೇ ದೊಡ್ಡದು, ಒಂದು ಚಪ್ಪಾಳೆ" ಎಂದು ಮೈಕಿನಲ್ಲಿ ಬೇರೆ ಹೇಳಿದರು. ಸಿಳ್ಳೆಯನ್ನು ಹಂಸ ಎಂದೋ ಮರೆತಳು. ಆ ಕನಿಕರದ ಚಪ್ಪಾಳೆ ಮಾತ್ರ ಇಂದಿಗೂ ಕಿವಿಯಲ್ಲಿದೆ.

ಅಷ್ಟಕ್ಕೇ ನಿಂತುಹೋಯಿತು ನೋಡಿ. ನಲ್ಲಿಯಲ್ಲಿ ನೀರು ಬರಲೇ ಇಲ್ಲ.

ಅರಕಲಗೂಡಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಮಿಸ್ ಆಗಿ ಮೂವತ್ತಮೂರು ವರ್ಷ ಕೆಲಸ ಮಾಡಿದಳು. ನೃತ್ಯ ಕಲಿಸಲು ಅಲ್ಲಿ ಪೀರಿಯಡ್ ಇರಲಿಲ್ಲ. ಹಾಗಾಗಿ ಕಳ್ಳದಾರಿ ಹಿಡಿದಳು. ಸ್ವಾತಂತ್ರ್ಯೋತ್ಸವಕ್ಕೆ ಬೇರೆ ಶಾಲೆಯ ಮಕ್ಕಳು ಒಂದು ಎರಡು ಮೂರು ಎಂದು ಕೈ ಎತ್ತಿ ಇಳಿಸಿದರೆ, ಇವಳ ಹುಡುಗಿಯರು ಬೆನ್ನು ಬಾಗಿಸಿ, ಮೈದಾನದ ನೆಲಕ್ಕೆ ಒರಗಿ, ನಿಧಾನವಾಗಿ ಎದ್ದು ಬರುತ್ತಿದ್ದರು. "ಇದೆಂಥ ಡ್ರಿಲ್ ಮೇಡಂ?" ಎಂದು ಕೇಳಿದ ಹೆಡ್‌ಮಾಸ್ಟರಿಗೆ "ಹೊಸ ಸಿಲಬಸ್ ಸರ್" ಎಂದು ಹೇಳಿ ಪಾರಾಗುತ್ತಿದ್ದಳು.

ತಾನು ಆಡುವುದು ತಪ್ಪಿತು, ನೋಡುವುದನ್ನಾದರೂ ಬಿಡಬಾರದು ಎಂದು ಹಾಸನದಲ್ಲಿ ಎಲ್ಲೇ ಇಂಥ ನೃತ್ಯವಿದ್ದರೂ ಓಡುತ್ತಿದ್ದಳು. ಅಲ್ಲೂ ಹಣೆಬರಹ ಬೆನ್ನು ಬಿಡಲಿಲ್ಲ. ರುದ್ರಪಟ್ಟಣಕ್ಕೆ ಕೊನೆಯ ಬಸ್ಸು ಏಳು ಗಂಟೆಗೆ. ಹಾಗಾಗಿ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುವಳು, ಆರೂ ಮುಕ್ಕಾಲಿಗೆ ಎದ್ದುಬಿಡುವಳು. ಒಂದು ನೃತ್ಯದ ಕೊನೆಯನ್ನೂ ಅವಳು ಕಂಡದ್ದಿಲ್ಲ. ಊರಿನ ಬಸ್‌ಸ್ಟಾಪಿನಲ್ಲಿ ಗಂಡ ಆತ್ರೇಯ ಕಾಯುತ್ತಿರುತ್ತಿದ್ದರು. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಸಾಧು ಮನುಷ್ಯ. ಸ್ಕೂಟರ್ ಶುರುಮಾಡುತ್ತ ತಪ್ಪದೆ ಕೇಳುತ್ತಿದ್ದರು: "ಕೊನೇಲಿ ಏನಾಯ್ತು?"

ಹಂಸ ಹಿಂದೆ ಕೂತು ಹೇಳುತ್ತಿದ್ದಳು. ಒಬ್ಬಳು ಉಳಿದವರನ್ನೆಲ್ಲ ಬೆನ್ನ ಮೇಲೆ ಹೊತ್ತಳು, ಇನ್ನೊಬ್ಬ ನೆಲದ ಮೇಲೆ ಉರುಳಿ ಉರುಳಿ ಬೆಳಕಿನಾಚೆ ಹೋದ. ಎಲ್ಲ ಬಸ್ಸಿನಲ್ಲಿ ಕೂತು ಕಟ್ಟಿದ ಕೊನೆಗಳು. ಆತ್ರೇಯರಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಕೇಳುತ್ತಿದ್ದರು. ಒಂದರ ಕೊನೆಯನ್ನು ಮಾತ್ರ ಅವಳು ಎಂದೂ ಹೇಳಲಿಲ್ಲ. "ನಿನ್ನ ನಲ್ಲೀಲಿ ನೀರು ಬಂತಾ?" ಎಂದರೆ, "ಅದನ್ನ ಹೇಳೋಕಾಗಲ್ಲ ರೀ, ನೋಡ್ಬೇಕು" ಎಂದುಬಿಡುವಳು.

ರಿಟೈರಾಗಿ ಮೂರು ವರ್ಷವಾದ ಮೇಲೆ ಪ್ರೇಕ್ಷಾ ಫೋನ್ ಮಾಡಿದಳು. ಅರಕಲಗೂಡಿನ ಬಟ್ಟೆ ಅಂಗಡಿ ಕಾಂತರಾಜು ಅವರ ಮಗಳು, ಹಂಸಳ ಡ್ರಿಲ್ಲಿನಲ್ಲಿ ಬಾಗಿ ಬೆಳೆದವಳು, ಈಗ ಊರೂರು ಸುತ್ತುವ ನರ್ತಕಿ.

"ಮಿಸ್, ಮೊನ್ನೆ ಚನ್ನರಾಯಪಟ್ಟಣದಲ್ಲಿ ಡ್ಯಾನ್ಸ್ ಕೊನೇಲಿ ಅಲುಗಾಡದೆ ನಿಂತಿದ್ದೆ. ಮರೆತುಬಿಟ್ಟೆ ಅಂದ್ಕೊಂಡು ಪರದೆ ಬಿಟ್ಟುಬಿಟ್ರು. ನಿಮಗಾದ ಹಾಗೇ. ಭಾನುವಾರ ಹಾಸನದಲ್ಲಿ ಪ್ರೋಗ್ರಾಂ ಇದೆ. ಪರದೆ ಹಗ್ಗ ನೀವು ಹಿಡ್ಕೋತೀರಾ? ನಾನು ತಲೆ ಆಡಿಸೋವರೆಗೂ ಬಿಡಬೇಡಿ."

ಭಾನುವಾರ ಆತ್ರೇಯರೂ ಜೊತೆಗೆ ಹೊರಟರು. ಐದೂವರೆಯ ಕಾರ್ಯಕ್ರಮ ಐದೂವರೆಗೆ ಶುರುವಾದರೆ ಅದು ಹಾಸನವೇ ಅಲ್ಲ. ಅಧ್ಯಕ್ಷರು, ಅತಿಥಿಗಳು, ಶಾಲು, ಏಲಕ್ಕಿ ಹಾರ, ಮೈಸೂರು ಪೇಟ ಎಲ್ಲ ಮುಗಿದು ಪ್ರೇಕ್ಷಾ ರಂಗಕ್ಕೆ ಬರುವಾಗ ಆರೂಕಾಲು. ರಂಗದ ಪಕ್ಕದಲ್ಲಿ ಪರದೆಯ ಕೆಲಸದ ದೊಡ್ಡಯ್ಯ ಹಗ್ಗವನ್ನು ಖುಷಿಯಿಂದಲೇ ಕೊಟ್ಟ. "ತಗಳಿ ಮೇಡಂ, ನಂಗೂ ರಟ್ಟೆ ನೋಯ್ತದೆ. ಗೂಟಕ್ಕೆ ಒಂದು ಸುತ್ತು ಆಕಿವ್ನಿ, ಗಟ್ಟಿಯಾಗಿ ಇಡ್ಕಳಿ. ಸಡಿಲ ಬುಟ್ರೆ ಇಳ್ದೋಯ್ತದೆ."

ಅರ್ಧ ಗಂಟೆ ಪ್ರೇಕ್ಷಾ ಆಡಿದಳು. ನೆಲಕ್ಕೆ ಒರಗಿ ನಿಧಾನವಾಗಿ ಎದ್ದು ಬರುವ ಆ ಬಗೆ ಕಂಡಾಗ ಹಂಸಳ ಕಣ್ಣು ತುಂಬಿತು. ಶಾಲೆಯ ಮೈದಾನದ ಧೂಳಿನಲ್ಲಿ ತಾನು ಬಿತ್ತಿದ್ದು ಅದು. ಆರೂ ಮುಕ್ಕಾಲಾಯಿತು. ಇಷ್ಟು ವರ್ಷದ ಅಭ್ಯಾಸ, ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತು. ಈಗ ಹೊರಟರೆ ಬಸ್ಸು ಸಿಗುತ್ತದೆ. ರಂಗದ ಪಕ್ಕದ ಸಂದಿಯಿಂದ ಸಭೆಯತ್ತ ನೋಡಿದಳು, ಆತ್ರೇಯ ಗಡಿಯಾರ ನೋಡುತ್ತಿರಲಿಲ್ಲ. ಕಾಲನ್ನು ಹಿಂದಕ್ಕೆ ತಂದಳು.

ಪ್ರೇಕ್ಷಾ ಕೈಚಾಚಿ ನಿಂತಳು. ಸಂಗೀತ ನಿಂತಿತು. ಸಭೆಯಲ್ಲಿ ಕೆಮ್ಮು, ಕುರ್ಚಿ ಸರಿದ ಸದ್ದು. ಸಂಘಟಕರೊಬ್ಬರು ಎದ್ದುಬಿದ್ದು ರಂಗದ ಪಕ್ಕಕ್ಕೆ ಬಂದರು.

"ಮೇಡಂ, ಮರ್ಯಾದೆ ಹೋಗ್ತದೆ. ಮಗು ಮರೆತುಬಿಟ್ಟಿದೆ, ಪರದೆ ಬಿಡಿ."

"ಮರೆತಿಲ್ಲ" ಎಂದಳು ಹಂಸ. "ನಿಂತಿದ್ದಾಳೆ."

ಅವರು ಹಗ್ಗಕ್ಕೇ ಕೈ ಹಾಕಿದರು. ಹಂಸ ಹಗ್ಗವನ್ನು ಎದೆಗೆ ಅವಚಿಕೊಂಡು, ಡ್ರಿಲ್ ಮಿಸ್ಸಿನ ದನಿಯಲ್ಲಿ ಮೆಲ್ಲಗೆ "ಹಿಂದೆ ಸರೀರಿ" ಎಂದಳು. ಆ ದನಿಗೆ ಅರಕಲಗೂಡಿನ ಅರ್ಧ ಊರು ಹಿಂದೆ ಸರಿದಿದೆ. ಅವರೂ ಸರಿದರು.

ಒಂದೂವರೆ ನಿಮಿಷವಾದ ಮೇಲೆ ಕೆಮ್ಮು ನಿಂತಿತು. ಆಮೇಲೆ ಸಭೆಯೂ ಅವಳ ಜೊತೆಗೆ ಕಾಯತೊಡಗಿತು. ಪ್ರೇಕ್ಷಾ ಕೈ ಇಳಿಸಿ, ಪಕ್ಕಕ್ಕೆ ನೋಡಿ ತಲೆ ಆಡಿಸಿದಳು.

ಹಗ್ಗ ಬಿಡಬೇಕು. ಆದರೆ ಹಂಸಳ ಬೆರಳು ಬಿಚ್ಚಲೊಲ್ಲದು. ಜೀವಮಾನವೆಲ್ಲ ಒಂದು ಕೊನೆಗಾಗಿ ಹಂಬಲಿಸಿದವಳಿಗೆ, ಕೊನೆ ಕೈಗೇ ಬಂದಾಗ, ಇನ್ನೊಂದು ಗಳಿಗೆ ಇರಲಿ ಅನ್ನಿಸಿತು. ಪ್ರೇಕ್ಷಾ ಇನ್ನೊಮ್ಮೆ ತಲೆ ಆಡಿಸಿದಳು. ಆಗ ಒಂದೊಂದೇ ಬೆರಳು ಸಡಿಲಿಸಿ, ಹಗ್ಗವನ್ನು ತೊಟ್ಟಿಲ ಹಗ್ಗದಷ್ಟು ನಿಧಾನಕ್ಕೆ ಬಿಟ್ಟಳು. ಆಚೆ ಚಪ್ಪಾಳೆ ಎದ್ದಿತು. ಅದರಲ್ಲಿ ಕನಿಕರವಿರಲಿಲ್ಲ.

ಜನ ಹೋದ ಮೇಲೆ ಆತ್ರೇಯ ಖಾಲಿ ರಂಗಕ್ಕೆ ಹತ್ತಿ ಬಂದರು. ಪ್ರೇಕ್ಷಾ ಮೂಲೆಯಲ್ಲಿ ಕೂತು ನೀರು ಕುಡಿಯುತ್ತಿದ್ದಳು.

"ಕೊನೆ ನೋಡಿದೆ" ಎಂದರು ಆತ್ರೇಯ. "ಚೆನ್ನಾಗಿತ್ತು. ಆದ್ರೆ ನೀನು ಸ್ಕೂಟರ್ ಹಿಂದೆ ಕೂತು ಹೇಳ್ತಿದ್ದ ಕೊನೆಗಳೇ ಒಂದು ಕೈ ಮೇಲು."

ಹಂಸ ನಕ್ಕಳು.

"ನಿನ್ನ ನಲ್ಲಿದು ಇನ್ನೆಷ್ಟು ಉಳ್ದಿದೆ?"

"ನಾಲ್ಕು ನಿಮಿಷ."

"ಬಸ್ಸಂತೂ ಹೋಯ್ತು. ಇನ್ನೇನು ಅವಸರ?" ಎಂದು ಅವರು ಕೆಳಗಿಳಿದು, ಮೊದಲ ಸಾಲಿನಲ್ಲಿ, ಮುಖ್ಯ ಅತಿಥಿಗಳ ಕುರ್ಚಿಯಲ್ಲೇ ಕೂತರು. ಪ್ರೇಕ್ಷಾ ಹೋಗಿ ಅವರ ಪಕ್ಕ ಕೂತಳು.

ಅರವತ್ತಮೂರು ವರ್ಷದ ಮಂಡಿ, ನೆಲಕ್ಕೆ ಒರಗಿದರೆ ಏಳುವುದು ಕಷ್ಟವೇ. ಹಂಸ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಬಗ್ಗಿ, ಇಲ್ಲದ ಬಿಂದಿಗೆಯನ್ನು ಇಲ್ಲದ ನಲ್ಲಿಯ ಕೆಳಗೆ ಇಟ್ಟಳು. ಕತ್ತೆತ್ತಿ ನಿಂತಳು.

"ಪರದೆ ಎತ್ಲಾ ಮೇಡಂ?" ಎಂದ ದೊಡ್ಡಯ್ಯ. ಅವಳು ಅಲುಗಾಡಲಿಲ್ಲ. ಅವನು ಪರದೆ ಎತ್ತಿದ, ಹಗ್ಗವನ್ನು ಗೂಟಕ್ಕೆ ಸುತ್ತಿ ಎರಡು ಗಂಟು ಹಾಕಿದ, ತಾನೂ ಕೆಳಗಿಳಿದು ಒಂದು ಕುರ್ಚಿಯಲ್ಲಿ ಕೂತ.