ಟಿವಿಯಲ್ಲಿ ಕಂಡ ಬಾಲಗಳು

ಮೊಮ್ಮಗಳನ್ನು ವಾಪಸ್ ಕರೆದುಕೊಂಡು ಹೋಗಿ ಎಂದು ಅವಳ ಅತ್ತೆ ತೀರ್ಥಹಳ್ಳಿಯಿಂದ ಫೋನ್ ಮಾಡಿದಾಗ ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸುಸ್ತಾಯಿತು, ಅಷ್ಟೆ. ಮಕ್ಕಳಾಗಲಿಲ್ಲವೆಂದು ಆ ಹುಡುಗಿಯನ್ನು ವರದಮೂಲದ ತೀರ್ಥದಲ್ಲಿ ಮುಳುಗಿಸಿ ಎಬ್ಬಿಸಿದ್ದು, ಕಷಾಯ ಕುಡಿಸಿದ್ದು, ಸಾಗರದ ಆಸ್ಪತ್ರೆಯ ಬೆಂಚಿನ ಮೇಲೆ ದಿನಗಟ್ಟಲೆ ಕೂತಿದ್ದು ಎಲ್ಲ ನಾನೇ. ಅವಳಲ್ಲಿ ಏನೂ ತೊಂದರೆಯಿಲ್ಲ, ಗಂಡನನ್ನು ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿ ಹೇಳಿ ಬೇಸತ್ತಿದ್ದರು. ಅವನು ಬಂದಿರಲಿಲ್ಲ.

ಅವನ ಕೆಲಸವೇನೆಂದರೆ ಬೆದೆಗೆ ಬಂದ ಹಸುಗಳಿಗೆ ಇಂಜೆಕ್ಷನ್ ಕೊಡುವುದು. ಹೊಗೆಯಾಡುವ ತಣ್ಣನೆಯ ಕ್ಯಾನಿನಲ್ಲಿ ಹೋರಿಯ ಬೀಜ ಇಟ್ಟುಕೊಂಡು ಬೈಕಿನಲ್ಲಿ ಊರೂರು ತಿರುಗುತ್ತಾನೆ. ಹೊಸನಗರದ ನಮ್ಮ ಮನೆಯ ಹಸು ಗಬ್ಬ ನಿಲ್ಲದಿದ್ದಾಗ ಅವನೇ ಹೇಳಿದ್ದ: "ಹಸೂದು ತಪ್ಪಲ್ಲ ಅಜ್ಜಿ. ಕ್ಯಾನಿನ ಥಂಡಿ ಕಮ್ಮಿಯಾಗಿ ಬೀಜದ ಬಾಲ ಸತ್ತಿದೆ. ಬಾಲ ಬೀಸ್ದೆ ಅದು ಮುಂದೆ ಹೋಗೋದು ಹೆಂಗೆ?"

ತೀರ್ಥಹಳ್ಳಿಗೆ ಹೋದವಳು ಅದನ್ನೇ ಅವನ ಮುಂದಿಟ್ಟೆ. "ಹಸು ನಿಲ್ದಿದ್ರೆ ಬೀಜ ನೋಡ್ತೀಯ. ಹೆಂಡ್ತಿ ನಿಲ್ದಿದ್ರೆ ಹೆಂಡ್ತೀನೇ ನೋಡೋದಾ ಮಾರಾಯ?"

ಬೀಗಿತಿ ಒಳಗಿನಿಂದಲೇ ಕೂಗಿದಳು. "ಗಂಡಸಿಗೆ ಎಂತ ಪರೀಕ್ಷೆ? ನಮ್ಮನೇಲಿ ಅಂಥದ್ದೆಲ್ಲ ಇಲ್ಲ."

"ಇಲ್ದಿದ್ರೆ ಒಳ್ಳೇದೇ ಆಯ್ತು. ನಾಳೆ ಸಾಗರಕ್ಕೆ ಬರ್ಲಿ. ಇವನದು ಸರಿ ಇದ್ರೆ ಹುಡುಗೀನ ಅಲ್ಲಿಂದಲೇ ಕರ್ಕೊಂಡು ಹೋಗ್ತೀನಿ. ಒಂದು ಮಾತೂ ಆಡಲ್ಲ."

ಅವನು ಬಂದ, ಪರೀಕ್ಷೆಗೆ ಬೀಜ ಕೊಟ್ಟ. ಲ್ಯಾಬಿನ ಹೆಂಗಸು ಗಂಡ ಹೆಂಡತಿಯನ್ನು ಒಳಗೆ ಕರೆದಾಗ ನಾನೂ ಹಿಂದೆಯೇ ಹೋದೆ.

"ಅಜ್ಜಿ, ನೀವು ಹೊರಗಿರಿ."

"ನೋಡ್ಕೊಂಡು ಹೋಗ್ತೀನಿ."

ಅವಳು ಮೊದಲು ಮೈಕ್ರೋಸ್ಕೋಪಿಗೆ ಜೋಡಿಸಿದ ಟಿವಿಯಲ್ಲಿ ಬೇರೆ ಯಾರದೋ ಆರೋಗ್ಯವಂತ ಬೀಜ ತೋರಿಸಿದಳು. ಪುಟ್ಟ ತಲೆ. ಅದರ ಹಿಂದೆ ಕುತ್ತಿಗೆಯಂಥ ತುಂಡು, ಬಾಲಕ್ಕೆ ಶಕ್ತಿ ಅಲ್ಲಿಂದಲೇ ಬರುವುದಂತೆ. ಆಮೇಲೆ ಉದ್ದನೆಯ ಬಾಲ, ಕೂದಲಿಗಿಂತ ಸಪೂರ. ಬಾಲ ಅತ್ತಿತ್ತ ಬೀಸಿದಂತೆ ತಲೆ ನುಗ್ಗುತ್ತಿತ್ತು.

"ಇದನ್ನ ಕಶಾಂಗ ಅಂತ ಓದಿದ್ವಿ ಅಜ್ಜಿ" ಎಂದಳು ಮೊಮ್ಮಗಳು. "ಕೆರೆ ನೀರಲ್ಲಿರೋ ಕಣ್ಣಿಗೆ ಕಾಣದ ಜೀವಿಗಳೂ ಇದ್ರಿಂದಲೇ ಈಜೋದು."

"ಬ್ಯಾಕ್ಟೀರಿಯಾದ ಬಾಲ ಫ್ಯಾನಿನ ಹಾಗೆ ಗರಗರ ತಿರುಗುತ್ತೆ. ಇದು ಚಾಟಿ ಹಾಗೆ ಬೀಸ್ಬೇಕು" ಎಂದು ಲ್ಯಾಬಿನವಳು ಸೇರಿಸಿದಳು.

ಆಮೇಲೆ ಅವನದು ತೋರಿಸಿದಳು. ಹೆಚ್ಚಿನವು ಸುಮ್ಮನೆ ಬಿದ್ದಿದ್ದವು. ಕೆಲವು ಇದ್ದಲ್ಲೇ ನಡುಗುತ್ತಿದ್ದವು. ಒಂದರ ಬಾಲ ಸುರುಳಿ ಸುತ್ತಿಕೊಂಡಿತ್ತು, ಅದು ಗಿರಕಿ ಹೊಡೆಯುತ್ತಿತ್ತೇ ಹೊರತು ಎಲ್ಲಿಗೂ ಹೋಗುತ್ತಿರಲಿಲ್ಲ. ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಥಂಡಿ ತಾಗಿರ್ಬೇಕು ಮೇಡಂ" ಎಂದ, ಹಸು ಸಾಕಿದವರಿಗೆ ಕ್ಯಾನಿನ ನೆಪ ಹೇಳುವ ದನಿಯಲ್ಲೇ.

"ಬೆಚ್ಚಗೇ ಇಟ್ಟಿದ್ವಿ ಸರ್."

ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರಮ್ಮ. ಆಗಲೂ ಹೀಗೇ ಇದ್ದರೆ ದೊಡ್ಡ ಊರಿನಲ್ಲಿ ಜೀವವಿರುವ ಒಂದನ್ನು ಹಿಡಿದು, ಸೂಜಿಯಿಂದ ಹೆಣ್ಣಿನ ಅಂಡದೊಳಗೇ ಇಡುತ್ತಾರಂತೆ. ಬಾಲ ಈಜದಿದ್ದರೂ ನಡೆಯುತ್ತದಂತೆ. ನನಗೆ ಅರ್ಧ ಅರ್ಥವಾಯಿತು.

ಹೊರಗೆ ಬರುವಷ್ಟರಲ್ಲಿ ಅವನಿಗೆ ಬೀಗಿತಿಯ ಫೋನು. ಅವಳ ದನಿ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. "ಎಂತ ಅಂದ್ರು? ಅವಳನ್ನ ಅಜ್ಜಿ ಜೊತೆ ಕಳ್ಸಿದ್ಯಾ?"

ಅವನು ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ. ಹೇಳುವುದಿದ್ದರೆ ಅವನೇ ಹೇಳಲಿ.

"ತೊಂದ್ರೆ ನಂದೇ ಅಮ್ಮಾ."

ಆ ಕಡೆ ಬೀಗಿತಿಯ ದನಿ ಏರಿತು. "ಯಾರ ಕಣ್ಣು ಬಿತ್ತೋ!"

"ಯಾರ್ದೂ ಇಲ್ಲ. ಅವಳು ಮನೆಗೆ ಬರ್ತಾಳೆ. ಇಬ್ರಿಗೂ ಅನ್ನ ಮಾಡಿಡು."

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ತೀರ್ಥಹಳ್ಳಿ ಬಸ್ಸು ಹತ್ತಿದರು. ಹುಡುಗಿ ಕಿಟಕಿಯಿಂದ ಏನೋ ಹೇಳಿದಳು. ಇಂಜಿನ್ ಗಲಾಟೆಯಲ್ಲಿ ಕೇಳಿಸಲಿಲ್ಲ. ಹೋಗು ಹೋಗು ಎಂದು ಬೆಂಚಿನ ಮೇಲೆ ಕೂತಲ್ಲಿಂದಲೇ ಕೈ ಮಾಡಿದೆ.