ಹಗ್ಗದ ಆ ತುದಿಯಲ್ಲಿ ಮಾವ

ಒಂದು ತಲೆಮಾರು ತನ್ನ ಬಾಳಿನ ಭಾರವನ್ನು ಮುಂದಿನ ತಲೆಮಾರಿನ ಹೆಗಲಿಗೆ ದಾಟಿಸುವ ಗಳಿಗೆಗಿಂತ ಗಂಭೀರವಾದದ್ದು ಮನುಷ್ಯಚರಿತ್ರೆಯಲ್ಲಿ ಇನ್ನೊಂದಿಲ್ಲ. ಕಾಪುವಿನ ಬಸ್ ನಿಲ್ದಾಣದಲ್ಲಿ ನನ್ನ ಸೋದರಮಾವ ನನ್ನ ಹೆಗಲಿಗೆ ದಾಟಿಸಿದ್ದು ಒಂದು ರೆಕ್ಸಿನ್ ಚೀಲ.

"ಇದರಲ್ಲಿ ಎಂತ ಉಂಟು ಮಾವ?"

"ಬೈರಾಸು. ಬೆವರು ಒರೆಸ್ಲಿಕ್ಕೆ."

ಅದು ೨೦೦೨ರ ಡಿಸೆಂಬರಿನ ಒಂದು ಭಾನುವಾರ. ಬೆಳಿಗ್ಗೆ ಮಣಿಪಾಲದಿಂದ ಹೊರಟು, ಮೂರು ರೂಪಾಯಿ ಕೊಟ್ಟು ಉಡುಪಿಗೆ ಇಳಿದು, ಅಲ್ಲಿ ಎರಡು ಬನ್ಸ್ ತಿಂದು ಚಹಾ ಕುಡಿದು, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತುಕೊಂಡೇ ಕಾಪುವಿಗೆ ಬಂದಿದ್ದೆ. ಮಣಿಪಾಲದಲ್ಲಿ ನಾನು ಆಗ ಸಮಾಜಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಮೂರು ತಲೆಮಾರುಗಳ ಓದು ಮತ್ತು ಆಟ ನನ್ನ ವಿಷಯ. ಜನರನ್ನು ಹುಟ್ಟಿದ ವರ್ಷದ ಪ್ರಕಾರ ಪಟ್ಟಿಯ ಮೂರು ಕಂಬಸಾಲುಗಳಲ್ಲಿ ನಿಲ್ಲಿಸಿದ್ದೆ. ಮಾರ್ಗದರ್ಶಕರು ಕಂಬಸಾಲುಗಳನ್ನು ಮೆಚ್ಚಿದ್ದರು. ಅದಕ್ಕಿಂತ ಹೆಚ್ಚಿಗೆ ಮೆಚ್ಚಲು ನಾನು ಬೇರೇನೂ ಬರೆದಿರಲಿಲ್ಲ.

ಮಾವ ಮೊದಲನೆಯ ಸಾಲಿನವರು. ಕಾಪುವಿನಲ್ಲಿ ಅವರದು ಸೈಕಲ್ ಅಂಗಡಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟರೂ ಹಗ್ಗ ಬಿಡದವರು. ನಾವಿಬ್ಬರೂ ಓದಿದ ಕಾರ್ಕಳದ ಶಾಲೆಯ ಹಳೆ ವಿದ್ಯಾರ್ಥಿಗಳ ಕ್ರೀಡಾಕೂಟದಲ್ಲಿ ಪ್ರತಿ ವರ್ಷ ಹಗ್ಗಜಗ್ಗಾಟದ ಕೊನೆಯ ಆಳಾಗಿ ನಿಲ್ಲುವವರು. ಆದರೆ ಹಿಂದಿನ ತಿಂಗಳಷ್ಟೇ ಅವರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಕೊಡಪಾನ ಕೂಡ ಎತ್ತಬಾರದೆಂದು ಆಸ್ಪತ್ರೆಯವರ ಕಟ್ಟಪ್ಪಣೆ.

"ನೋಡಿ ಬರುದು ಮಾತ್ರ ಅಂತೆ," ಎಂದು ಅತ್ತೆ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು ಹೇಳಿದ್ದರು. "ನಂಗೆ ನಂಬಿಕೆ ಇಲ್ಲ. ಹೊಲಿಗೆ ಬಿಚ್ಚಿದ್ರೆ ಪುನಃ ಕೊಯ್ಬೇಕು ಅಂತ ಹೇಳಿದ್ದಾರೆ. ನೀನು ಓದಿದವ. ಕುರ್ಚಿಯಲ್ಲಿ ಕೂರಿಸಿ ಹಾಗೇ ವಾಪಸ್ ಕರ್ಕೊಂಡು ಬಾ."

ಆಗಲಿ ಎಂದೆ. ಓದಿದವನೆಂದು ನನ್ನನ್ನು ನಂಬಿದವರು ಆಗ ಬಹಳ ಜನ ಇರಲಿಲ್ಲ.

ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿದೆವು. ಪಕ್ಕದ ಸೀಟಿನ ಅಜ್ಜಿ ಕೇಳದಿದ್ದರೂ ಮಾವ ಆಕೆಗೆ ನನ್ನ ಪರಿಚಯ ಹೇಳಿದರು. "ನನ್ನ ಅಳಿಯ. ಮಣಿಪಾಲದಲ್ಲಿ ಡಾಕ್ಟ್ರು."

"ಮಾವ, ನಾನು ಡಾಕ್ಟರಲ್ಲ. ಸಮಾಜಶಾಸ್ತ್ರ..."

"ಕಡೆಗೆ ಆಗುದು ಡಾಕ್ಟ್ರೇ ಅಲ್ವಾ ಮಾರಾಯ? ಈಗಲೇ ಹೇಳಿದ್ರೆ ಎಂತ?"

ಬೆಳ್ಮಣ್ ತಲುಪುವಷ್ಟರಲ್ಲಿ ಅಜ್ಜಿಯ ಎರಡೂ ಮೊಣಕಾಲುಗಳ ಚರಿತ್ರೆ ನನಗೆ ತಿಳಿದಿತ್ತು. ಎದುರಿನ ಸೀಟಿನವರೊಬ್ಬರು ತಿರುಗಿ ನಾಲಿಗೆ ಚಾಚಿದರು. ಬಿಸಿನೀರು ಕುಡಿಯಿರಿ ಎಂದೆ. ಅವರು ಅತ್ಯಂತ ತೃಪ್ತರಾಗಿ ಮುಂದೆ ತಿರುಗಿ ಕುಳಿತರು.

ಕಾರ್ಕಳದಲ್ಲಿ ಡಿಸೆಂಬರಿನ ಲಕ್ಷಣವೇ ಇರಲಿಲ್ಲ. ಬಂಡೆಗಳೂ ಮೈದಾನದ ಕೆಂಪು ಮಣ್ಣೂ ಸಮವಾಗಿ ಕಾದಿದ್ದವು. ಮಾವನನ್ನು ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕೂರಿಸಿ, ಚೀಲವನ್ನು ಪಕ್ಕದಲ್ಲಿಟ್ಟು, ಶರಬತ್ತು ತರಲು ಹೋದೆ. ಮೈಕಿನಲ್ಲಿ ಕರೆ ಬಂತು: ಹಗ್ಗಜಗ್ಗಾಟ, ವಿವಾಹಿತರು ಮತ್ತು ಅವಿವಾಹಿತರು, ಗೆದ್ದವರಿಗೆ ಒಂದು ಬಾಳೆಗೊನೆ. ನನ್ನ ಮೂರು ಕಂಬಸಾಲುಗಳ ಕಥೆ ಅಲ್ಲಿಗೆ ಮುಗಿಯಿತು. ಹುಟ್ಟಿದ ವರ್ಷವನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ; ತಾಳಿ ಕಟ್ಟಿದ್ದೀಯೋ ಇಲ್ಲವೋ, ಅಷ್ಟೇ. ನನ್ನ ಕಣ್ಣೆದುರೇ ಒಂದನೇ ಕ್ಲಾಸಿಗೆ ಸೇರಿದ್ದ ಹುಡುಗನೊಬ್ಬ ಹೊಸ ಮದುಮಗನಾಗಿ ಹಿರಿಯರ ಸಾಲಿನಲ್ಲಿ ಮೀಸೆ ತೀಡುತ್ತಿದ್ದ.

ಶರಬತ್ತು ಹಿಡಿದು ಬಂದರೆ ಕುರ್ಚಿ ಖಾಲಿ, ಚೀಲವೂ ಇಲ್ಲ. ಶಾಲೆಯ ಹಿಂದಿನಿಂದ ಮಾವ ಖಾಕಿ ಚಡ್ಡಿ, ಬನಿಯನ್ ತೊಟ್ಟು ಬಂದರು. ಚೀಲದಲ್ಲಿ ಬೈರಾಸು ಮಾತ್ರ ಇದ್ದದ್ದಲ್ಲ.

"ನಿಮಗೆ ಆಪರೇಷನ್ ಆಗಿದೆ ಅಂತ ಕೇಳಿದೆ," ಎಂದು ಪಿ.ಟಿ. ಮಾಸ್ಟ್ರು ಅನುಮಾನಿಸಿದರು.

"ನನ್ನ ಡಾಕ್ಟ್ರು ಒಟ್ಟಿಗೇ ಬಂದಿದ್ದಾರೆ ಸರ್," ಎಂದರು ಮಾವ. ನಾನು ಹುಟ್ಟಿದಂದಿನಿಂದ ಅವರು ನನಗೆ ಬಹುವಚನ ಬಳಸಿದ್ದು ಅದೊಂದೇ ಸಲ.

"ನಾನು ಡಾಕ್ಟರಲ್ಲ ಸರ್. ಇವರು ಎಳೆಯಲೇಬಾರದು."

ಮಾಸ್ಟ್ರು ಇದನ್ನು ದೊಡ್ಡವರ ವಿನಯವೆಂದು ತಿಳಿದು ನಕ್ಕರು. ಅವಿವಾಹಿತರಲ್ಲಿ ಒಬ್ಬ ಕಡಿಮೆ ಇರುವುದಾಗಿಯೂ ಡಾಕ್ಟ್ರು ದಯವಿಟ್ಟು ಸಹಕರಿಸಬೇಕಾಗಿಯೂ ಮೈಕು ಸಾರಿತು. ಮೀಸೆ ಮೂಡದವನೊಬ್ಬ ನನ್ನ ಕೈ ಹಿಡಿದ. "ಅಂಕಲ್, ನೀವು ಕಟ್ಟಕಡೆಗೆ ನಿಲ್ಲಿ. ತೂಕ ಉಂಟಲ್ವಾ."

ಹಗ್ಗದ ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ತುದಿ ಮಾವನ ಸೊಂಟಕ್ಕೆ, ಸರಿಯಾಗಿ ಹೊಲಿಗೆಯ ಮೇಲೆ. ಮಾಸ್ಟ್ರು ಸೀಟಿ ಊದಿದರು. ಮಾವನ ಕುತ್ತಿಗೆಯ ನರಗಳು ಉಬ್ಬಿದವು. ನನಗೆ ಬಾವಿಕಟ್ಟೆ ನೆನಪಾಯಿತು. ಎಳೆಯುವುದು ಬಿಟ್ಟು ಸುಮ್ಮನೆ ಮುಂದಕ್ಕೆ ನಡೆದೆ. ಹಗ್ಗ ಒಮ್ಮೆಲೇ ಸಡಿಲಾಗಿ ವಿವಾಹಿತ ಸಮಾಜ ಅಂಗಾತ ಬಿತ್ತು. ಎಲ್ಲರಿಗಿಂತ ಹಿಂದೆ ಮಾವ.

ಓಡಿ ಹೋದೆ. ಅವರು ಮಣ್ಣಿನಲ್ಲಿ ಮಲಗಿಯೇ ನನ್ನನ್ನು ನೋಡಿದರು. "ಬೇಕೂಂತ ಬಿಟ್ಟೆಯಲ್ವಾ? ಮುದುಕ ಅಂತ ಬಿಟ್ಟೆಯಾ?" ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಎದ್ದು, ಮಣ್ಣು ಕೊಡವದೆ, ಎರಡನೇ ಸುತ್ತಿಗೆ ಹಗ್ಗವನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡರು. "ಈಗ ಎಳಿ ನೋಡುವ."

ನಾನು ಮಾಸ್ಟ್ರ ಕಡೆ ತಿರುಗಿದೆ. ಮಣಿಪಾಲದ ಆಸ್ಪತ್ರೆಯ ಮೊಗಸಾಲೆಗಳಲ್ಲಿ ಕೇಳಿದ್ದ ಧ್ವನಿಯನ್ನು ತಂದುಕೊಂಡು, "ಇವರು ನನ್ನ ಪೇಶೆಂಟ್. ಇನ್ನು ಎಳೆಯಲಿಕ್ಕೆ ನಾನು ಬಿಡುವುದಿಲ್ಲ," ಎಂದೆ.

"ಆಯ್ತು ಡಾಕ್ಟ್ರೇ." ಮಾಸ್ಟ್ರು ಆ ಕ್ಷಣವೇ ಬೇರೆಯವರನ್ನು ಕರೆದರು.

ನಾನು ಡಾಕ್ಟರಲ್ಲವೆಂದು ಮಾವ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದರು ಕೂಡ. ಸುತ್ತ ಹಳೆಯ ಸಹಪಾಠಿಗಳೆಲ್ಲ ನಿಂತು ಅವರ ಡಾಕ್ಟರ ಅಳಿಯನನ್ನು ಗೌರವದಿಂದ ನೋಡುತ್ತಿದ್ದರು. ಮಾವ ಬಾಯಿ ಮುಚ್ಚಿ, ಹಗ್ಗ ಬಿಚ್ಚಿ, ಹೋಗಿ ಕುರ್ಚಿಯಲ್ಲಿ ಕುಳಿತು ಬೈರಾಸನ್ನು ತೊಡೆಯ ಮೇಲೆ ಹಾಸಿಕೊಂಡರು. ನಾನು ನನ್ನ ತುದಿಗೆ ಮರಳಿದೆ. ಈ ಸಲ ಎಳೆದೆ.

ವಾಪಸ್ ಬಸ್ಸಿನಲ್ಲಿ ಪಡುಬಿದ್ರಿಯವರೆಗೆ ಮಾವ ಕಿಟಕಿಯ ಹೊರಗೆ ನೋಡುತ್ತ ಕುಳಿತರು. ನನ್ನ ತೊಡೆಯ ಮೇಲೆ ನನ್ನ ಪಾಲಿನ ಒಂದು ಚಿಪ್ಪು ಬಾಳೆಹಣ್ಣು. ಸೀಟು ಹಂಚಿಕೊಂಡವರೊಬ್ಬರು ಮಾವನನ್ನು ವಿಚಾರಿಸಿದರು.

"ಮಗನಾ?"

"ಅಳಿಯ."

"ಎಂತ ಮಾಡುದು?"

"ಎಂತ ಇಲ್ಲ," ಎಂದರು ಮಾವ. "ಇನ್ನೂ ಓದುದು."

ಆ ವರ್ಷ ಅವಿವಾಹಿತರು ಎರಡು–ಒಂದರಿಂದ ಗೆದ್ದರು. ಮಾವನ ಹೊಲಿಗೆ ಬಿಚ್ಚಿರಲಿಲ್ಲ.