ಅಕ್ಕನ ಊರುಗೋಲಿನ ಎರಡು ಪಟ್ಟಿಗಳು

ಆ ಪಟ್ಟಿಗೆ ಉಪ್ಪುಕಾಗದ ಉಜ್ಜಿದವನು ನಾನೇ ಇರಬೇಕು. ಇರಬೇಕು ಎಂದಷ್ಟೇ ಹೇಳಬಲ್ಲೆ. ಉಜ್ಜಬೇಕೆಂದು ಯೋಚಿಸಿದ್ದು ಚೆನ್ನಾಗಿ ನೆನಪಿದೆ, ಉಜ್ಜಿದ್ದು ನೆನಪಿಲ್ಲ.

ಅಕ್ಕನ ಎಡಗಾಲಿಗೆ ಚಿಕ್ಕಂದಿನಿಂದಲೂ ಶಕ್ತಿಯಿಲ್ಲ. ನಂಜನಗೂಡಿನ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಅವಳ ಅಲ್ಯೂಮಿನಿಯಂ ಊರುಗೋಲಿನ ಹಿಡಿ ಸಡಿಲವಾದಾಗ ಪೇಟೆಯಲ್ಲಿ ಪಾತ್ರೆ ರಿಪೇರಿ ಮಾಡುವ ಮುದುಕರೊಬ್ಬರ ಹತ್ತಿರ ಒಯ್ದೆ. ಅವರು ಹಿಡಿಯ ಎರಡೂ ಪಕ್ಕಕ್ಕೆ ಒಂದೊಂದು ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ಕೂರಿಸಿದರು. ಆಮೇಲೆ ಬಗ್ಗಿದ ಜಾಗವನ್ನೆಲ್ಲ ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಕೂತರು. ಪಟ್ಟಿಯ ಮೈಯೆಲ್ಲ ಸಿಡುಬಿನ ಕಲೆಯಂಥ ಗುಳಿ. ಯಾಕೆ ಹೀಗೆ ಎಂದು ಕೇಳಿದೆ.

"ತಟ್ಟಿದ್ರೆ ಬಾಳ್ಕೆ ಬತ್ತದೆ ಸಾ. ನಮ್ಮಪ್ಪ ತಟ್ತಿದ್ದ, ನಾನೂ ತಟ್ತೀನಿ. ನೀವು ಓದಿರೋರು, ನಾನು ಬಡಿಯೋನು."

ಅಪ್ಪ ಮಾಡುತ್ತಿದ್ದ ಎನ್ನುವುದು ಕಾರಣವಾಗುವುದಿಲ್ಲ ಎಂದುಕೊಂಡೆ. ಲೋಹಕ್ಕೂ ದಣಿವಿದೆ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ. ದಿನವೂ ಸಾವಿರ ಸಲ ಕೊಂಚ ಕೊಂಚ ಬಗ್ಗುವ ತಗಡು, ನಿನ್ನೆ ತಡೆದ ಭಾರಕ್ಕೇ ಇಂದು ಮುರಿಯಬಹುದು. ಬಿರುಕು ಸಾಮಾನ್ಯವಾಗಿ ಮೇಲ್ಮೈಯ ಗಾಯದಲ್ಲಿ ಹುಟ್ಟುತ್ತದೆ. ಗುಳಿಯೂ ಗಾಯವೇ, ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿದರೆ ಕ್ಷೇಮ ಎಂಬುದು ನನ್ನ ಲೆಕ್ಕಾಚಾರ.

ಕೆಲವು ತಿಂಗಳ ಮೇಲೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಒಂದು ಪಟ್ಟಿ ತುಂಡಾಗಿ ಅಕ್ಕ ಬಿದ್ದಳು. ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಬಡಿದೂ ಬಡಿದೂ ತಗಡನ್ನು ಹಾಳುಮಾಡಿದ ಎಂದು ಅವಳು ಬಂದವರಿಗೆಲ್ಲ ಆ ಮುದುಕರನ್ನೇ ದೂರಿದಳು. ನಮ್ಮ ಬೀದಿಯವರು ಕುಕ್ಕರು, ದಬರಿಗಳನ್ನು ಬೇರೆ ಕಡೆ ಒಯ್ಯತೊಡಗಿದರು.

ಇದನ್ನೆಲ್ಲ ಕೇಳಿ ತಡೆಯಲಾರದೆ ನಾನು ಓದುವಾಗಿನ ಹಳೆಯ ಪುಸ್ತಕ ತೆಗೆದೆ. ಹದವಾಗಿ ತಟ್ಟಿದರೆ ಲೋಹದ ಮೇಲ್ಪದರ ಒಳಗೊಳಗೇ ಒತ್ತಿಕೊಂಡು ಬಿಗಿಯಾಗುತ್ತದೆ, ಅಲ್ಲಿ ಬಿರುಕು ಸುಲಭವಾಗಿ ಬಾಯಿ ಬಿಡಲಾರದು ಎಂದಿತ್ತು. ವಿಪರೀತ ಬಡಿದರೆ, ಅದರಲ್ಲೂ ಅಲ್ಯೂಮಿನಿಯಂನಂಥ ಮೆದು ಲೋಹದಲ್ಲಿ, ಅದೇ ಕೇಡು ಎಂದೂ ಇತ್ತು. ಹಾಗಾದರೆ ತಪ್ಪು ಅವರದೂ ಇರಬಹುದು, ನನ್ನದೂ ಇರಬಹುದು. ಮುರಿದ ಪಟ್ಟಿ ಕೈಗೆ ನುಣ್ಣಗೆ ಹತ್ತುತ್ತಿತ್ತು. ಮುದುಕರ ಅಂಗಡಿಗೆ ಹೋಗಿ, ತಟ್ಟಿದ ಮೇಲೆ ಉಜ್ಜುತ್ತೀರಾ ಎಂದು ಕೇಳಿದೆ.

"ಉಜ್ಜಿದ್ರೆ ತಟ್ಟಿದ್ದೆಲ್ಲ ದಂಡ ಅಲ್ವಾ ಸಾ? ನಾನ್ಯಾಕ್ ಉಜ್ಜಲಿ?"

ಪಟ್ಟಿಯನ್ನು ಮುಟ್ಟಿದವರು ಅವರು, ಇಲ್ಲವೇ ನಾನು. ಉಜ್ಜಿದವನು ನಾನೇ ಇರಬಹುದೆಂದು ಮನೆಗೆ ಬಂದು ಅಕ್ಕನಿಗೆ ಹೇಳಿದೆ. ನನಗೇ ಸರಿಯಾಗಿ ನೆನಪಿಲ್ಲ, ಮೊದಲು ಪರೀಕ್ಷೆ ಮಾಡಿ ನೋಡುತ್ತೇನೆ ಎಂದೂ ಸೇರಿಸಿದೆ.

"ನೀನು ಪರೀಕ್ಷೆ ಮುಗ್ಸೋ ಹೊತ್ತಿಗೆ ಆ ಅಜ್ಜ ಅಂಗಡಿ ಮುಚ್ಚಿರ್ತಾರೆ ಕಣೋ. ಊರಿಗೆಲ್ಲ ಹೇಳಿದೋಳು ನಾನು. ನಡಿ."

ಹೋದೆವು. ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳಿದ್ದರು. ಅವರೆದುರಿಗೇ ಅಕ್ಕ ತನ್ನ ಮಾತು ತಪ್ಪೆಂದಳು, ನಾನು ನನ್ನ ಅನುಮಾನ ಹೇಳಿದೆ. ಮುದುಕರು ಅವಳ ಮಣಿಕಟ್ಟನ್ನು ನೋಡಿದರು. ಹಳೆಯವೆರಡನ್ನೂ ಕಿತ್ತು, ಹೊಸ ಪಟ್ಟಿಗಳನ್ನು ಬಗ್ಗಿಸಿ, ತಟ್ಟಿ, ಊರುಗೋಲನ್ನು ಅಕ್ಕನ ಕೈಗೇ ಕೊಟ್ಟರು. "ಇದು ಇವರ ಕೈಗೆ ಸಿಕ್ಕದಂಗೆ ಮಡಿಕ್ಕಳಿ ಕಣವ್ವ" ಎಂದರು. ಅಕ್ಕ ಬಿದ್ದ ಮೇಲೆ ಮೊದಲ ಸಲ ನಕ್ಕದ್ದು ಆಗಲೇ ಇರಬೇಕು, ಅದೂ ಖಚಿತವಿಲ್ಲ.

ಹಳೆಯ ಪಟ್ಟಿಗಳೆರಡನ್ನೂ ಕೇಳಿ ತಂದೆ. ಮುಂದಿನ ವಾರ, ನಾನು ಓದಿದ ವಿಭಾಗದ ಸೂಕ್ಷ್ಮದರ್ಶಕದಡಿ ಅವನ್ನಿಟ್ಟು ನೋಡಿದೆ. ಮುರಿಯದ ಪಟ್ಟಿಯಲ್ಲಿ ಗುಳಿಗಳು ಹಾಗೇ ಇದ್ದವು. ಮುರಿದದ್ದರಲ್ಲಿ ಗುಳಿಗಳು ಸವೆದುಹೋಗಿದ್ದವು, ಬಿರುಕು ಹೊರಟದ್ದು ಉಪ್ಪುಕಾಗದದ ಒಂದು ಅಡ್ಡಗೀರಿನಿಂದ.